ಮುಳ್ಳು ತೆಗೆಸಲು ಹೋದ ಕತ್ತೆ

ಕತ್ತೆಯೊಂದರ ಗೊರಸಿನಡಿ ಜಾಲಿಮುಳ್ಳು ಚುಚ್ಚಿಕೊಂಡಿತು. ತಾನೇ ಕೀಳೋಣವೆಂದರೆ ಹಲ್ಲಿಗೆ ಸಿಗಲಿಲ್ಲ. ಕೆರೆಯಂಗಳದಲ್ಲಿ ಸ್ನೇಹದ ಎಮ್ಮೆ ಇದೆ, ಅದರ ಬೆನ್ನೇರಿ ಕೂರುವ ಬೆಳ್ಳಕ್ಕಿಗೆ ಚೂಪಾದ ಕೊಕ್ಕಿದೆ, ಚಿಟಿಕೆ ಹೊಡೆಯುವಷ್ಟರಲ್ಲಿ ಕಿತ್ತುಕೊಡುತ್ತದೆ ಎಂದು ನಂಬಿ ಅದು ಕುಂಟುತ್ತಾ ಹೋಯಿತು.

"ಎಮ್ಮೆಯಕ್ಕ, ಕಾಲಿಗೆ ಮುಳ್ಳು..." ಎನ್ನುವಷ್ಟರಲ್ಲೇ ಎಮ್ಮೆ ಕಣ್ಣು ತುಂಬಿಕೊಂಡಿತು.

"ಕಾಲಿನ ಮಾತೆತ್ತಬೇಡ, ಕತ್ತೆಯಣ್ಣ! ನನ್ನ ಮಂಡಿನೋವು ನನಗೇ ಗೊತ್ತು. ಅದೂ ಹೋಗಲಿ, ಮುದ್ದಿನಿಂದ ಸಾಕಿದ ಈ ಬೆಳ್ಳಕ್ಕಿ ನಿನ್ನೆಯಿಂದ ನನ್ನ ಮೈಮೇಲಿನ ಒಂದು ಉಣ್ಣಿಯನ್ನೂ ಮುಟ್ಟಿಲ್ಲ."

ಬೆನ್ನ ಮೇಲಿಂದ ಬೆಳ್ಳಕ್ಕಿ ನಿಟ್ಟುಸಿರಿಟ್ಟಿತು. "ನಾನು ಸಾಕಿದ ಎಮ್ಮೆ ಹೀಗೆ ನರಳುತ್ತಿರುವಾಗ ನನಗೆ ಊಟ ಸೇರೀತೇ?"

ಕತ್ತೆಗೆ ಪಾಪವೆನಿಸಿತು. ಮೂರೇ ಕಾಲಲ್ಲಿ ನಿಂತು ಇಬ್ಬರಿಗೂ ಸಂಜೆಯವರೆಗೆ ಧೈರ್ಯ ಹೇಳಿತು. ಮುಳ್ಳಿನ ಮಾತು ನಾಲಿಗೆಗೆ ಬಂದಾಗಲೆಲ್ಲ ನುಂಗಿಕೊಂಡಿತು.

"ನಿನ್ನ ಹತ್ತಿರ ಹೇಳಿಕೊಂಡರೆ ಜೀವ ಹಗುರವಾಗುತ್ತದೆ. ನಾಳೆಯೂ ಬಾ," ಎಂದು ಎಮ್ಮೆ ಬೀಳ್ಕೊಟ್ಟಿತು.

ನೋವಿನ ಕಾಲೆತ್ತಿಕೊಂಡು ಕುಪ್ಪಳಿಸುತ್ತಾ ಕತ್ತೆ ಕೆರೆಯ ಏರಿ ಹತ್ತುವಾಗ ಹಿಂದಿನಿಂದ ಬೆಳ್ಳಕ್ಕಿಯ ದನಿ ಕೇಳಿಸಿತು: "ಅದರ ಪುಣ್ಯ ನೋಡಕ್ಕ! ಮೈಯಲ್ಲಿ ಒಂದು ನೋವಿಲ್ಲ, ಕುಣಿಯುತ್ತಲೇ ಮನೆಗೆ ಹೋಗುತ್ತಿದೆ."