ಉಡಚಪ್ಪ ತಾಲೀಮು ಮಾಡಿದ್ದು

ಕರೆಹಾಳ ಅನ್ನೋ ಊರಾಗ ಫಕೀರವ್ವ ಅಂತ ಒಬ್ಬಾಕಿ ಇದ್ಲು. ಆಕಿಗೊಬ್ಬ ಮಗ, ಉಡಚಪ್ಪ. ಮೈಯಾಗ ಆನಿ ಬಲ, ತಲಿಯಾಗ ಏನೂ ಇಲ್ಲ. ಹೇಳಿದ್ದನ್ನ ಹೇಳಿದಂಗ ಮಾಡಾಂವ, ಅದ ಅವನ ರೋಗ. ಫಕೀರವ್ವಗ ಒಂದ ಚಿಂತಿ, ತಾ ಕಣ್ಣು ಮುಚ್ಚೂದ್ರಾಗ ಮನಿಗೊಬ್ಬ ಸೊಸಿ ಬರಬೇಕು. ಆದ್ರ ಆ ಸೀಮಿಯಾಗ ಹುಡುಗಿ ಕಡಿಯವರ ಮುಂದ ಸಂಗ್ರಾಣಿ ಕಲ್ಲು ಹೆಗಲಿಗೆ ಎತ್ತಿದಾಂವಗ ಮಾತ್ರ ಹೆಣ್ಣು ಕೊಡತಿದ್ರು. ಅದಕ್ಕ ಆಕಿ ಮಗನ್ನ ಮೌಲಾಸಾಬ ವಸ್ತಾದಿಯ ಗರಡಿಗೆ ಕಳಿಸಿದ್ಲು.

ಮೊದಲನೇ ದಿನ ವಸ್ತಾದಿ, ನಾ ಸಾಕು ಅನ್ನೂತನಕ ಬಸ್ಕಿ ಹೊಡಿ ಅಂತ ಹೇಳಿ ಊಟಕ್ಕ ಹೋದ. ಉಂಡ, ಎಲಿ ಅಡಿಕಿ ಹಾಕ್ಕೊಂಡ, ಅಡ್ಡಾದ. ಸಂಜಿಗೆ ಬಂದು ನೋಡತಾನ, ಇಂವ ಇನ್ನೂ ಏಳತಾನ, ಕೂಡತಾನ, ಏಳತಾನ, ಕೂಡತಾನ. ಸಾಕು ಅಂದ ಕೂಡಲೇ ಕಾಲು ಸೆಟಕೊಂಡು ಬಿದ್ದ; ಹೊರಸಿನ ಮ್ಯಾಲೆ ಹಾಕ್ಕೊಂಡು ಮನಿಗೆ ತಂದ್ರು. ವಸ್ತಾದಿ ಬೈದ:

"ಹುಚ್ಚಪ್ಯಾಲಿ, ಮೈಯಾಗ ಇನ್ನೊಂದೀಟು ತಾಕತ್ತು ಇರೂವಾಗನ ನಿಲ್ಲಸಬೇಕು."

ಆತ್ರಿ ಅಂದ ಉಡಚಪ್ಪ.

ಕಾಲು ಸುಧಾರಿಸಿದ ಮ್ಯಾಲೆ ಅವ್ವ ಜ್ವಾಳದ ಚೀಲ ಕೊಟ್ಟು ಗಿರಣಿಗೆ ಕಳಿಸಿದ್ಲು. ಹಿಟ್ಟು ಹೊತ್ಕೊಂಡು ಊರ ಅಗಸಿ ಬಾಗಲತನಕ ಬಂದ. ಮೈಯಾಗ ತಾಕತ್ತು ಇನ್ನೂ ಐತಿ ಅನ್ನಿಸ್ತು. ಅಲ್ಲೇ ಇಳಿಸಿ ಕೈ ಬೀಸ್ಕೋತ ಮನಿಗೆ ಬಂದ. ಊರ ದನ ಹಿಟ್ಟು ತಿಂದು ಮೂತಿ ಬೆಳ್ಳಗ ಮಾಡ್ಕೊಂಡು ಹೋದವು. ಫಕೀರವ್ವ ಹಣಿ ಹಣಿ ಬಡಕೊಂಡ್ಲು. ಹೊತ್ತದ್ದನ್ನ ಮನಿ ಮುಟ್ಟೂತನಕ ಇಳಸಬ್ಯಾಡೋ ನನ್ನಪ್ಪಾ ಅಂದ್ಲು. ಅದನ್ನೂ ಗಟ್ಟಿ ಹಿಡಕೊಂಡ.

ಕಲ್ಲು ಎತ್ತೂ ದಿನ ಬಂತು. ಬಾಜೂ ಊರಿನ ನಿಂಗನಗೌಡ ಮಗಳು ಬಾಳವ್ವನ್ನ ಕರಕೊಂಡು ಬಂದಿದ್ದ. ಉಡಚಪ್ಪ ಕಲ್ಲು ಅಪ್ಪಿದ, ಮೊಣಕಾಲಿಗೆ ತಂದ, ಹೆಗಲಿಗೇರಿಸಿದ. ಮಂದಿ ಸಿಳ್ಳಿ ಹೊಡೀತು. ಒಗಿ, ಒಗಿ ಅಂತ ವಸ್ತಾದಿ ಕೂಗಿದ. ಇಂವ ಎಲ್ಲಿ ಒಗೀತಾನ? ಹೊತ್ಕೊಂಡ ಮನಿ ಕಡೆ ನಡದ. ಅವನ ಹಿಂದ ಊರ ಮಂದಿ, ಮಂದಿ ಹಿಂದ ಗೌಡ. ಪಡಸಾಲ್ಯಾಗ ಕಲ್ಲು ಇಳಸೂದ್ರಾಗ ಟೊಂಕ ಚಳಕ್ ಅಂತು, ಬಗ್ಗಿದಾಂವ ಬಗ್ಗೇ ಉಳದ. ಗೌಡಗ ಮಾತ್ರ ಖುಷಿ ಆತು. ಇಂಥಾ ಗಟ್ಟಿ ಅಳಿಯ ಎಲ್ಲಿ ಸಿಗತಾನ ಅಂತ ಮದವಿ ಗೊತ್ತು ಮಾಡಿ ಹೋದ. ಫಕೀರವ್ವ ಖುಷಿಗೆ ಅತ್ಲು.

ವಸ್ತಾದಿ ಟೊಂಕಕ್ಕ ಎಣ್ಣಿ ತಿಕ್ಕೋತ ಮತ್ತ ಬೈದ.

"ಎಲ್ಲಾ ಒಮ್ಮೆಲೆ ಮಾಡಿದ್ರ ಮುರಕೊಂಡು ಬೀಳತಿ. ಏನ ಮಾಡಿದ್ರೂ ಒಂದು ಸಲ ಮಾಡು. ಒಂದು ದಿನ ಮೈಗೆ ವಿಶ್ರಾಂತಿ ಕೊಡು. ಆಮ್ಯಾಲೆ ಇನ್ನೊಂದು ಸಲ."

ಆತ್ರಿ ಅಂದ.

ಮದವಿ ದಿನಕ್ಕ ಟೊಂಕ ನೆಟ್ಟಗಾಗಿತ್ತು. ಹಂದರ ತುಂಬ ಮಂದಿ, ಕೈ ತುಂಬ ಅಕ್ಕಿಕಾಳು. ಅಯ್ಯನವರು ತಾಳಿ ಕೊಟ್ಟರು. ಉಡಚಪ್ಪ ಬಾಳವ್ವನ ಕೊಳ್ಳಾಗ ಒಂದು ಗಂಟು ಹಾಕಿದ, ಕೈ ಝಾಡಿಸಿದ, ಎದ್ದು ಹೋಗಿ ಮೂಲ್ಯಾಗ ಅಡ್ಡಾದ. ಇನ್ನೆರಡು ಗಂಟು ಯಾರು ಹಾಕಬೇಕಪಾ ಅಂತ ಅಯ್ಯನವರು ಕೇಳಿದ್ರು.

"ಎರಡನೇದು ನಾಡಿದ್ದು ಹಾಕತೀನ್ರಿ. ಮೂರನೇದಕ್ಕ ಮತ್ತೊಂದು ದಿನ ಬಿಡಬೇಕು."

ಫಕೀರವ್ವ ಬೈದ್ಲು, ಕೈ ಮುಗದ್ಲು, ಮಗನ ಕಾಲೂ ಹಿಡದ್ಲು. ವಸ್ತಾದಿ ರಟ್ಟಿ ಹಿಡದು ಎಳದ. ಮಲಗಿದ ಆನಿ ಯಾರು ಎಳದ್ರ ಏಳತೈತಿ? ಮುಹೂರ್ತ ಮೀರಿತು. ಒಂದ ಗಂಟು, ಬಿಚ್ಚಾಕ ಎಷ್ಟೊತ್ತು. ಗೌಡ ಬಿಚ್ಚಿದ, ತಾಳಿ ತಾಟಿನ್ಯಾಗ ಇಟ್ಟ, ಮಗಳನ್ನ ಬಂಡಿ ಹತ್ತಿಸ್ಕೊಂಡು ಹೋದ.

ನಡುವಿನ ದಿನ ಉಡಚಪ್ಪ ಚಂದಂಗ ವಿಶ್ರಾಂತಿ ತಗೊಂಡ. ಅದರ ಮರುದಿನ ಮುಂಜಾನೆ ಜಳಕಾ ಮಾಡಿ, ಬಾಸಿಂಗ ಕಟ್ಕೊಂಡು ಹೊರಗ ಬಂದ. ಫಕೀರವ್ವ ಒಬ್ಬಾಕೇ ಹಂದರ ಬಿಚ್ಚಾಕತ್ತಿದ್ಲು.

"ಅವ್ವಾ, ಕೈ ಹಗುರಾಗ್ಯಾವು. ಬಾಳವ್ವನ್ನ ಕರಿ, ಎರಡನೇ ಗಂಟು ಹಾಕತೀನಿ" ಅಂದ.