ಅಕ್ಕನಿಗೆ ಮಾತ್ರ ಹೇಳಿದ ಸುದ್ದಿ

ಒಂದು ಜಿಲ್ಲೆಯ ಇಂಧನ ಕಚೇರಿಗೆ ಮಾಲಿನಿ ಎಂಬ ಹುಡುಗಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಊರಿಗೆ ಪೆಟ್ರೋಲು, ಡೀಸೆಲ್ ಎಲ್ಲಿಂದ ಬರುತ್ತದೆ, ಬರುವುದು ನಿಂತರೆ ಏನು ಮಾಡಬೇಕು ಎಂದು ಮೊದಲೇ ಯೋಚಿಸಿಡುವುದು ಅವಳ ಕೆಲಸ. ಕಲಿಸುತ್ತಿದ್ದವರು ಹಿರಿಯ ಅಧಿಕಾರಿ ಚನ್ನವೀರಯ್ಯ.

“ಬಂಕು ಖಾಲಿಯಾಗೋದು ಡೀಸೆಲ್ ಕಡಿಮೆ ಆಗಿ ಅಲ್ಲಮ್ಮ, ಭಯ ಜಾಸ್ತಿ ಆಗಿ” ಎಂದು ಅವರು ಹೇಳುತ್ತಿದ್ದರು. ಮಾಲಿನಿ ಸುಮ್ಮನೆ ತಲೆಯಾಡಿಸುತ್ತಿದ್ದಳು.

ಒಂದು ಬೆಳಿಗ್ಗೆ ಫೋನು ಬಂತು. ದೂರದ ಡಿಪೋದಲ್ಲಿ ಪೈಪು ಒಡೆದು ಟ್ಯಾಂಕರುಗಳು ನಿಂತಿದ್ದವು. ಬೇರೆ ಡಿಪೋದಿಂದ ಟ್ಯಾಂಕರುಗಳು ಮರುದಿನ ಬರಲಿದ್ದವು. ಜನ ಎಂದಿನಂತೆ ಹಾಕಿಸಿಕೊಂಡರೆ ಅಲ್ಲಿಯವರೆಗೆ ಬಂಕುಗಳಲ್ಲಿ ಇರುವುದೇ ಧಾರಾಳವಾಗಿ ಸಾಕು.

“ಮೊದಲು ಬಂಕುಗಳಿಗೆ ಪೊಲೀಸರು ಹೋಗಲಿ. ಆಂಬುಲೆನ್ಸಿಗೆ ಬೇರೆ ದಾರಿ ಬಿಡಿಸೋಣ. ಮಧ್ಯಾಹ್ನ ನಾವೇ ಎಲ್ಲರಿಗೂ ಹೇಳೋಣ. ಅಲ್ಲೀತನಕ ಈ ಮಾತು ಬಾಗಿಲು ದಾಟಬಾರದು” ಎಂದರು ಚನ್ನವೀರಯ್ಯ.

ಮಾಲಿನಿಯ ಅಕ್ಕ ವಸಂತಿ ತುಂಬು ಬಸುರಿ. ನೋವು ಬಂದಾಗ ಕಾರಿನಲ್ಲಿ ಇಂಧನ ಇಲ್ಲದಿದ್ದರೆ ಎಂದು ಮಾಲಿನಿಗೆ ಭಯವಾಯಿತು. ಮೆಟ್ಟಿಲ ಮರೆಗೆ ಹೋಗಿ ಫೋನು ಮಾಡಿದಳು.

“ಅಕ್ಕ, ಭಾವಂಗೆ ಹೇಳಿ ಕಾರಿಗೆ ಫುಲ್ ಟ್ಯಾಂಕ್ ಹಾಕಿಸು. ಯಾರಿಗೂ ಹೇಳ್ಬೇಡ.”

“ನಾನ್ಯಾಕೆ ಹೇಳ್ಲಿ ಬಿಡೇ.”

ಪೊಲೀಸರು ಹೊರಡುವ ಮೊದಲೇ ಬಂಕಿನ ಮುಂದೆ ಊರು ನೆರೆದಿತ್ತು. ಕಾರು, ಟೆಂಪೊ, ಸ್ಕೂಟರು. ಕ್ಯಾನು, ನೀರಿನ ಬಾಟಲಿ ಹಿಡಿದವರು ಬೇರೆ. ಕಚೇರಿಯ ಫೋನು ಮತ್ತೆ ಬಡಿದುಕೊಂಡಿತು. ಆಂಬುಲೆನ್ಸ್ ಚಾಲಕ ಬಂಕಿನಿಂದಲೇ ಕೂಗುತ್ತಿದ್ದ.

“ಸಾರ್, ನಮ್ಮ ಡೀಸೆಲ್ ಬಂಕಲ್ಲಿ ಎತ್ತಿಟ್ಟಿದ್ದಾರೆ, ಆದ್ರೆ ಪಂಪಿನ ಹತ್ರ ಹೋಗೋಕೇ ಬಿಡ್ತಿಲ್ಲ. ಗಾಡಿ ಪೂರ್ತಿ ಖಾಲಿ. ಹೆರಿಗೆ ಕೇಸು ಸಾರ್, ಮನೇಲಿ ಒಬ್ಬರೇ ಇದ್ದಾರಂತೆ. ಹಳೇ ಕೋಟೆ ಬೀದಿ, ವಸಂತಿ ಅಂತ.”

ಮಾಲಿನಿ ಎದ್ದು ನಿಂತಳು. “ಸರ್… ಅದು ನಮ್ಮಕ್ಕ. ಅವಳಿಗೆ ಬೆಳಿಗ್ಗೆ ನಾನೇ ಹೇಳ್ಬಿಟ್ಟೆ.”

ಚನ್ನವೀರಯ್ಯ ಬೈಯಲಿಲ್ಲ. “ಜೀಪು ಹತ್ತು” ಎಂದರು.

ಬಂಕಿನಲ್ಲಿ ಮೊದಲು ಅವಳ ದನಿ ಯಾರಿಗೂ ಕೇಳಿಸಲಿಲ್ಲ. “ಆಂಬುಲೆನ್ಸಿಗೆ ದಾರಿ ಬಿಡಿ, ನಾಳೆ ಟ್ಯಾಂಕರ್ ಬರುತ್ತೆ!” ಎಂದು ಇನ್ನೂ ಜೋರಾಗಿ ಕೂಗಿದಳು.

“ಓಹೋ, ಮೇಡಂ ಬಂದ್ರು! ನಿಮ್ಮ ಮನೆಯವರದ್ದು ತುಂಬಿ ಆಯ್ತೇನೋ?” ಎಂದನೊಬ್ಬ. ಜನ ನಕ್ಕರು.

ಅವಳ ಮುಖ ಕೆಂಪಾಯಿತು. “ತುಂಬಿಸ್ಕೊಳ್ಳಿ ಅಂತ ಹೇಳಿದ್ದು ನಿಜ. ತಪ್ಪು ನಂದೇ. ಈಗ ನಮ್ಮಕ್ಕಂಗೇ ನೋವು ಬಂದಿದೆ. ಈ ಆಂಬುಲೆನ್ಸ್ ಹೋಗ್ಬೇಕಾಗಿರೋದು ಅಲ್ಲಿಗೇ.”

ನಗು ನಿಂತಿತು. ಪಂಪಿಗೆ ಅಡ್ಡವಾಗಿ ನಿಂತಿದ್ದ ಕಾರಿನಿಂದ ಒಬ್ಬ ಇಳಿದ. ಅವಳ ಭಾವ! ಬೆಳಿಗ್ಗೆಯಿಂದ ಕಾದು ಕಾದು ಅವನ ಸರದಿ ಆಗಷ್ಟೇ ಬಂದಿತ್ತು. ಇಂಧನ ಮುಗಿದಿದ್ದ ಕಾರನ್ನು ಚರಂಡಿಯ ಕಡೆಗೆ ತಳ್ಳತೊಡಗಿದ. ನಕ್ಕವನೇ ಬಂದು ಹೆಗಲು ಕೊಟ್ಟ. ಹಿಂದಿನವರೂ ಒಬ್ಬೊಬ್ಬರಾಗಿ ಸರಿದರು. ಆಂಬುಲೆನ್ಸ್ ಡೀಸೆಲ್ ತುಂಬಿಸಿಕೊಂಡು ಹೊರಟಿತು. ಭಾವ ಓಡಿ ಹತ್ತಿಕೊಂಡ.

ಆಸ್ಪತ್ರೆಯ ಬಾಗಿಲಲ್ಲೇ ಮಗು ಹುಟ್ಟಿತು. ಸಂಜೆ ಮಾಲಿನಿ ತೊಟ್ಟಿಲ ಪಕ್ಕ ಕುಳಿತಾಗ ವಸಂತಿ ಕಣ್ಣೊರೆಸಿಕೊಂಡಳು.

“ನಾನು ಪಕ್ಕದ ಮನೆ ಆಂಟಿ ಒಬ್ಬರಿಗೆ ಮಾತ್ರ ಹೇಳಿದ್ದು ಕಣೇ.”

“ನಾನೂ ಒಬ್ಬರಿಗೆ ಮಾತ್ರ ಹೇಳಿದ್ದು, ಅಕ್ಕ” ಎಂದಳು ಮಾಲಿನಿ.

ನೀತಿ: ಭಯವನ್ನು ಒಬ್ಬರ ಕಿವಿಗೆ ಹಾಕಿದರೂ ಊರಿಗೇ ಹಾಕಿದಂತೆ. ಎಲ್ಲರನ್ನೂ ಕಾಯಬೇಕಾದವರು ತಮ್ಮವರನ್ನಷ್ಟೇ ಕಾಯಲು ಹೋದರೆ, ತಮ್ಮವರೂ ಉಳಿಯುವುದಿಲ್ಲ.