ಐದು ಕಾಲಿನ ಆನೆ

“ಗುರುಗಳೇ, ಕೊಟ್ಟ ವಸ್ತು ಯಾವಾಗ ನಿಜವಾಗಿ ಕೊಟ್ಟಂತಾಗುತ್ತದೆ?” ಎಂದು ಶಿಷ್ಯ ಕೇಳಿದ.

ಕೇಳಿದವರು ಇದನ್ನು ವೇದಾಂತದ ಪ್ರಶ್ನೆ ಎಂದುಕೊಂಡಾರು. ಅದು ಹುಟ್ಟಿದ್ದು ಮಠದ ಅಡುಗೆಮನೆಯಲ್ಲಿ. ಶಿಷ್ಯ ಮಠಕ್ಕೆ ಬಂದ ದಿನ ತನ್ನ ತಾತನ ಕಾಲದ ಕಾಶ್ಮೀರಿ ಶಾಲನ್ನು ಗುರುಗಳಿಗೆ ಹೊದಿಸಿದ್ದ. ಗುರುಗಳು ಅದನ್ನು ಅಂದೇ ಅಡುಗೆಯವನಿಗೆ ಕೊಟ್ಟರು. ಅಡುಗೆಯವನು ಎರಡು ದಿನ ಹೊದ್ದು, ಮೂರನೆಯ ದಿನ ಅದನ್ನು ಒಲೆಯಿಂದ ಸಾರಿನ ತಪ್ಪಲೆ ಇಳಿಸುವ ಮಸಿಬಟ್ಟೆ ಮಾಡಿಕೊಂಡ. ಅಂದಿನಿಂದ ಶಿಷ್ಯ ದಿನಕ್ಕೆ ಮೂರು ಸಲ, ನೀರು ಬೇಕೆಂದೋ ಕೆಂಡ ಬೇಕೆಂದೋ ನೆಪ ಮಾಡಿಕೊಂಡು ಅಡುಗೆಮನೆಗೆ ಹೋಗಿ, ಶಾಲಿಗೆ ಇನ್ನೆಷ್ಟು ಮಸಿ ಹತ್ತಿದೆ ಎಂದು ನೋಡಿ ಬರುತ್ತಿದ್ದ.

ಗುರುಗಳಿಗೆ ಇದೆಲ್ಲ ಗೊತ್ತಿತ್ತು. “ಕೂತುಕೋ,” ಎಂದರು. ಕತೆ ಹೇಳಿದರು.

ಒಂದೂರಲ್ಲಿ ಪದ್ಮನಾಭ ಶೆಟ್ಟಿ ಎಂಬ ಬಟ್ಟೆ ವ್ಯಾಪಾರಿ ಇದ್ದ. ಅಂಗಡಿ ಅವನ ಹೊಟ್ಟೆಪಾಡು. ಪ್ರಾಣವೆಲ್ಲ ಇದ್ದದ್ದು ಹಳೆಯ ನಾಣ್ಯಗಳಲ್ಲಿ. ತೇಗದ ಪೆಟ್ಟಿಗೆಯೊಂದಕ್ಕೆ ಸಣ್ಣ ಸಣ್ಣ ಮನೆಗಳನ್ನು ಮಾಡಿಸಿ, ಒಂದೊಂದು ಮನೆಗೂ ಮಖಮಲ್ಲಿನ ಹಾಸು ಹಾಕಿಸಿ, ಇನ್ನೂರಕ್ಕೂ ಹೆಚ್ಚು ನಾಣ್ಯಗಳನ್ನು ಮಲಗಿಸಿದ್ದ. ಪೆಟ್ಟಿಗೆಯ ಬೀಗದಕೈ ಅವನ ಉಡಿದಾರದಲ್ಲಿರುತ್ತಿತ್ತು. ನಾಣ್ಯ ಹಿಡಿಯುವಾಗ ಅಂಚಿಗೆ ಮಾತ್ರ ಬೆರಳು ತಾಗಿಸಿ, ಉಸಿರು ಬಿಗಿಹಿಡಿಯುತ್ತಿದ್ದ. ಬಾಯಿಯ ಹಬೆ ತಾಗಿದರೆ ನಾಣ್ಯ ಕಂದುತ್ತದೆ ಎಂದು ಅವನ ನಂಬಿಕೆ.

ಎಲ್ಲಕ್ಕಿಂತ ಹೆಚ್ಚಿನದು ಒಂದು ದಪ್ಪ ತಾಮ್ರದ ನಾಣ್ಯ. ಯಾವುದೋ ಕಾಲದ ಪಾಳೆಯಗಾರ ಹೊಡೆಸಿದ್ದು. ಅದರ ಒಂದು ಮುಖದ ಮೇಲೆ ಆನೆಯಿತ್ತು. ಆ ಆನೆಗೆ ಐದು ಕಾಲು. ಸೊಂಡಿಲು ಬೇರೆ, ಬಾಲ ಬೇರೆ, ಎರಡನ್ನೂ ಬಿಟ್ಟು ಎಣಿಸಿದರೂ ಐದೇ. ಅಂಥ ನಾಣ್ಯ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ಶೆಟ್ಟಿ ಹೇಳುತ್ತಿದ್ದ. ಐದನೆಯ ಕಾಲಿನ ವಿಚಾರವಾಗಿ ಹನ್ನೆರಡು ಪುಟ ಬರೆದೂ ಇಟ್ಟಿದ್ದ. ಟಂಕಸಾಲೆಯ ಕಲಾವಿದನೊಬ್ಬ ಆನೆಯ ನಡಿಗೆಯನ್ನೇ ತೋರಿಸಲು ಎತ್ತಿದ ಕಾಲು, ಇಟ್ಟ ಕಾಲು ಎರಡನ್ನೂ ಕೆತ್ತಿದ್ದಾನೆ ಎಂಬುದು ಅವನ ಸಿದ್ಧಾಂತ. ಮನೆಗೆ ಬಂದವರಿಗೆ ಕಾಫಿ ಕೊಡುವುದು ಮರೆತರೂ ಅದನ್ನು ಓದಿ ಹೇಳುವುದು ಮರೆಯುತ್ತಿರಲಿಲ್ಲ.

ಆ ಊರಿಗೆ ಪುರಾಣ ಹೇಳುವ ಶಾಸ್ತ್ರಿಗಳೊಬ್ಬರು ಬಂದರು. ದಾನದ ಪ್ರಸಂಗ. “ಬೇಡವಾದದ್ದನ್ನು ಕೊಡುವುದು ಮನೆ ಗುಡಿಸಿದ ಹಾಗೆ. ಪ್ರಾಣಕ್ಕಿಂತ ಹೆಚ್ಚಾದದ್ದನ್ನು ಕೊಡುವವರು ಈ ಸಭೆಯಲ್ಲಿ ಯಾರಾದರೂ ಇದ್ದೀರಾ?” ಎಂದು ಕೇಳಿದರು. ಸಭೆಯೆಲ್ಲ ತಲೆ ತಗ್ಗಿಸಿ ಚಾಪೆಯ ಕಡ್ಡಿ ಎಣಿಸತೊಡಗಿತು. ಆಗಲೇ ಪದ್ಮನಾಭ ಶೆಟ್ಟಿ ಎದ್ದು ನಿಂತ.

“ಭಲೆ! ಶೆಟ್ಟರು ಎದ್ದರು. ಏನು ಕೊಡುತ್ತೀರಿ, ಹೇಳಿ!” ಎಂದರು ಶಾಸ್ತ್ರಿಗಳು.

ನೂರಾರು ಕಣ್ಣುಗಳು ತನ್ನ ಮೇಲಿವೆ. ಶೆಟ್ಟಿಯ ನಾಲಿಗೆ ತಾನಾಗಿ ಆಡಿಬಿಟ್ಟಿತು: “ಐದು ಕಾಲಿನ ಆನೆ.”

ಚಪ್ಪಾಳೆ ಬಿತ್ತು. ತಾನೇನು ಆಡಿಬಿಟ್ಟೆ ಎಂಬುದು ಶೆಟ್ಟಿಗೆ ಹೊಳೆದದ್ದು ಮನೆಯ ಮೆಟ್ಟಿಲು ಹತ್ತುವಾಗ.

“ಅಷ್ಟು ಜನ ಕೂತಿರುವಾಗ ನೀವೊಬ್ಬರೇ ಯಾಕೆ ಎದ್ದಿರಿ?” ಎಂದಳು ಹೆಂಡತಿ.

“ಕಾಲು ಜೋಮು ಹಿಡಿದಿತ್ತು ಕಣೇ,” ಎಂದ ಶೆಟ್ಟಿ.

ಆದರೆ ಆಡಿದ ಮಾತು ಊರಿಗೇ ಗೊತ್ತು. ಇನ್ನು ಕೊಡದೆ ವಿಧಿಯಿಲ್ಲ. ಯಾರಿಗೆ ಕೊಡುವುದು ಎಂಬುದಷ್ಟೇ ಅವನ ಕೈಯಲ್ಲಿತ್ತು. ದೇವಸ್ಥಾನಕ್ಕೆ ಕೊಟ್ಟರೆ ಕರಗಿಸಿ ಗಂಟೆ ಮಾಡಿಸಿಬಿಟ್ಟಾರು. ಶಾಲೆಯ ಮೇಷ್ಟ್ರಿಗೆ ಕೊಟ್ಟರೆ ಅವರಿಗೆ ಅದರ ಬೆಲೆ ಗೊತ್ತು, ತಾವೇ ಕಂಡುಹಿಡಿದದ್ದು ಎಂದು ಹದಿಮೂರು ಪುಟ ಬರೆದಾರು. ಬೇಕಾದದ್ದು ಬೆಲೆ ಗೊತ್ತಿಲ್ಲದ, ಮಾರದ, ಕಳೆಯದ ಮನುಷ್ಯ. ಅವನ ಮನೆಯೂ ಹತ್ತಿರವಿರಬೇಕು. ಮನಸ್ಸಾದಾಗ ಹೋಗಿ ನೋಡಿ ಬರುವಂತಿರಬೇಕು.

ಪಕ್ಕದ ಮನೆಯವನು ಕುಂಬಾರ ದೊಡ್ಡಯ್ಯ. ಎರಡು ಮನೆಗೂ ನಡುವೆ ಒಂದೇ ಗೋಡೆ. ದಾರಿಯಲ್ಲಿ ಸೂಜಿ ಸಿಕ್ಕರೂ ಯಾರದೆಂದು ಮನೆಮನೆಗೆ ಹೋಗಿ ಕೇಳುವ ಸ್ವಭಾವ ಅವನದು. ಶೆಟ್ಟಿಯ ಮುಖ ಅರಳಿತು. ದಾನವೂ ಆದಂತೆ, ನಾಣ್ಯ ಗೋಡೆಯಾಚೆ ಭದ್ರವಾಗಿಯೂ ಇದ್ದಂತೆ!

ಮರುದಿನ ಬೆಳಿಗ್ಗೆ ಬೀದಿಯವರ ಎದುರಿಗೇ ನಾಣ್ಯ ಕೊಟ್ಟು, “ದೊಡ್ಡಯ್ಯ, ಇದನ್ನು ಉಜ್ಜಬಾರದು. ಒದ್ದೆ ಮಾಡಬಾರದು. ಮೇಲೆ ಬೆರಳಿಡಬಾರದು,” ಎಂದ.

ದೊಡ್ಡಯ್ಯ ಕೈಯ ಮಣ್ಣು ಒರೆಸಿಕೊಂಡು ತೆಗೆದುಕೊಂಡ. “ಮತ್ತೆ ಏನು ಮಾಡಬೇಕು ಶೆಟ್ರೆ?”

“ಏನೂ ಮಾಡಬಾರದು.”

“ಏನೂ ಮಾಡಬಾರದು ಅಂದ್ರೆ ಅದನ್ನ ಕೊಡೋದು ಯಾಕೆ?”

ಬೀದಿಯವರು ಕೈಮುಗಿದರು. ಶೆಟ್ಟಿಯೂ ಕೈಮುಗಿದು ಒಳಗೆ ಬಂದ.

ಮೂರು ದಿನ ತಡೆದುಕೊಂಡ. ನಾಲ್ಕನೆಯ ದಿನ, ಸುಮ್ಮನೆ ಬಂದವನ ಹಾಗೆ ಕುಂಬಾರನ ಜಗಲಿಗೆ ಹೋಗಿ, “ನಾಣ್ಯ ಎಲ್ಲಿಟ್ಟಿದ್ದೀಯ ದೊಡ್ಡಯ್ಯ?” ಎಂದು ಕೇಳಿದ.

“ನಂಗೆ ಗೊತ್ತಿಲ್ಲ. ಅವ್ವನ ಕೇಳಿ.”

ಅವ್ವ ಎಂದರೆ ಸಿದ್ದಮ್ಮ. ಅರವತ್ತು ದಾಟಿದ ಮುದುಕಿ. ಹಿತ್ತಲಲ್ಲಿ ಕಾಲು ಚಾಚಿ ಕೂತು, ಕಾಲಿನ ಮೇಲೆ ತಿಂಗಳ ಮೊಮ್ಮಗನನ್ನು ಮಲಗಿಸಿಕೊಂಡು ಹರಳೆಣ್ಣೆ ತಿಕ್ಕುತ್ತಿದ್ದಳು. ಮಗುವಿನ ಹೊಕ್ಕುಳು ಗೋಲಿಯ ಹಾಗೆ ಉಬ್ಬಿತ್ತು. ಅದರ ಮೇಲೆ ದಪ್ಪನೆಯ ಒಂದು ತಾಮ್ರದ ಬಿಲ್ಲೆ. ಮಗು ಅತ್ತು ಹೊಟ್ಟೆ ಕುಣಿಸಿದಾಗೆಲ್ಲ ಅದೂ ಕುಣಿಯುತ್ತಿತ್ತು.

“ಸಿದ್ದಮ್ಮ! ಅದು! ಅದೇನದು?”

“ನೀವು ಕೊಟ್ಟದ್ದೇ ಶೆಟ್ರೆ. ಹೊಕ್ಕುಳು ಉಬ್ಬಿದ ಮಕ್ಕಳಿಗೆ ನಾಣ್ಯ ಇಟ್ಟು ಬಟ್ಟೆ ಸುತ್ತೋದು ನಮ್ಮ ಕಡೆ ಪದ್ಧತಿ. ಈಗಿನ ನಾಣ್ಯ ತೆಳ್ಳಗೆ, ಅಂಚು ಚುಚ್ಚುತ್ತೆ. ಇದು ನೋಡಿ, ಸವೆದು ಸವೆದು ಎಷ್ಟು ನುಣ್ಣಗಾಗಿದೆ. ನಿಮ್ಮ ಹೊಟ್ಟೆ ತಣ್ಣಗಿರಲಿ!”

“ಹಾಗೇ ಇಟ್ಟಿರಾ?”

“ಹಾಗೇ ಇಡೋಕಾಗುತ್ತಾ? ಹಸುಗೂಸು! ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿನೀರಲ್ಲಿ ತೊಳೆದೇ ಇಟ್ಟದ್ದು. ದಿನಾ ತಿಕ್ತೀನಿ.”

ಶೆಟ್ಟಿ ಬಗ್ಗಿ ನೋಡಿದ. “ಆನೆ ಎಲ್ಲಿ? ಆನೆ ಕಾಣಿಸುತ್ತಿಲ್ಲವಲ್ಲ?”

“ಓ, ಆ ಎಮ್ಮೆನಾ? ಎಮ್ಮೆ ಕೆಳಗಿದೆ. ಹೊಕ್ಕುಳಿಗೆ ಹಿಡಿತ ಸಿಗಲಿ ಅಂತ ಆ ಮುಖ ಒಳಗೆ ಹಾಕಿದೀನಿ.”

“ಎಮ್ಮೆಯಲ್ಲ ಸಿದ್ದಮ್ಮ, ಆನೆ!”

“ಆನೆನೋ ಎಮ್ಮೆನೋ, ಹೊಕ್ಕುಳು ಒತ್ತಿದ್ರೆ ಸೈ.”

ಕೊಟ್ಟದ್ದನ್ನು ಹಿಂದಕ್ಕೆ ಕೇಳುವಂತಿಲ್ಲ. ಚಪ್ಪಾಳೆ ಇನ್ನೂ ಕಿವಿಯಲ್ಲೇ ಇತ್ತು. ಒಂದು ದಿನ ಬೆಳ್ಳಿಯ ರೂಪಾಯಿ ಒಯ್ದು, “ಬೆಳ್ಳಿ ಮೈಗೆ ತಂಪು, ಇದನ್ನು ಕಟ್ಟಿ, ಅದು ಇಲ್ಲಿ ಕೊಡಿ,” ಎಂದು ನೋಡಿದ. “ಬೆಳ್ಳಿ ಜಾರುತ್ತೆ ಶೆಟ್ರೆ,” ಎಂದು ಸಿದ್ದಮ್ಮ ಅದನ್ನು ಮುಟ್ಟಲೂ ಇಲ್ಲ.

ಅಂದಿನಿಂದ ಶೆಟ್ಟಿಗೆ ಅದೊಂದು ದಿನಚರಿಯಾಯಿತು. ಮಗುವಿಗೆ ನೀರು ಹಾಕುವಾಗ ಬಟ್ಟೆ ಬಿಚ್ಚುತ್ತಾರೆ. ಆಗ ನಾಣ್ಯ ಹೊರಗೆ ಬರುತ್ತದೆ. ಆ ಗಳಿಗೆಗೆ ಸರಿಯಾಗಿ ಅಂಗಡಿ ಬಿಟ್ಟು ಹಾಜರಾಗುತ್ತಿದ್ದ. “ಹೊಕ್ಕುಳು ಹೇಗಿದೆ?” ಎಂದು ವಿಚಾರಿಸುತ್ತಿದ್ದ. ಆದರೆ ನಾಣ್ಯ ತೆಗೆದ ಕೂಡಲೇ ಸಿದ್ದಮ್ಮ ಅದನ್ನು ಹುಣಸೆಹಣ್ಣಿನ ಮುದ್ದೆಯೊಳಗೆ ಅದುಮಿಬಿಡುತ್ತಿದ್ದಳು. ಆನೆಯ ದರ್ಶನ ಒಂದು ದಿನವೂ ಆಗಲಿಲ್ಲ.

ಆದದ್ದು ಬೇರೆ. ನಾಣ್ಯ ತಿಕ್ಕಲು ಎರಡು ಕೈ ಬೇಕು. ಹಾಗಾಗಿ ಮಗು ಶೆಟ್ಟಿಯ ಪಾಲಿಗೆ ಬಂತು. “ಒಂದು ಚೂರು ಹಿಡ್ಕೊಳ್ಳಿ,” ಎಂದು ಎಣ್ಣೆ ಮೈಯ ಕೂಸನ್ನು ಮುದುಕಿ ಅವನ ಕೈಗಿಟ್ಟಳು. ಶೆಟ್ಟಿ ತನಗೆ ಗೊತ್ತಿದ್ದ ರೀತಿಯಲ್ಲೇ ಹಿಡಿದ. ಉಸಿರು ಕಟ್ಟಿ, ಬೆರಳ ತುದಿಯಿಂದ, ಅಂಚಿನಲ್ಲಿ.

“ಅಯ್ಯೋ, ಹಂಗಲ್ಲ ಶೆಟ್ರೆ! ಕತ್ತಿನ ಕೆಳಗೆ ಕೈ ಕೊಡಿ. ಎದೆಗೆ ಒತ್ತಿಕೊಳ್ಳಿ. ಅದೇನು ಒಡೆಯೋ ಮಡಕೆಯಾ?”

ಎದೆಗೆ ಒತ್ತಿಕೊಂಡ. ಮಗು ಅವನ ಗಂಜಿ ಹಾಕಿದ ಅಂಗಿಯ ಮೇಲೆ ಉಚ್ಚೆ ಹೊಯ್ದಿತು. ಮರುದಿನ ಅವನು ಹಳೆಯ ಅಂಗಿ ಹಾಕಿಕೊಂಡು ಬಂದ. “ಶೆಟ್ರಿಗೆ ಆ ಕೂಸಿನ ಮೇಲೆ ಎಂಥ ಪ್ರಾಣ ನೋಡು,” ಎಂದು ಬೀದಿ ಕೊಂಡಾಡಿತು. ಶೆಟ್ಟಿ ಮುಗುಳ್ನಗುತ್ತಿದ್ದ, ಆದರೆ ಅವನ ಕಣ್ಣು ಹುಣಸೆಹಣ್ಣಿನ ಮೇಲೇ ಇರುತ್ತಿತ್ತು. ನಾಮಕರಣಕ್ಕೂ ಕರೆದರು. ಹೋದ, ಹೋಳಿಗೆ ಉಂಡ. ತೊಟ್ಟಿಲ ಬಳಿ ನಿಂತು, ಬಟ್ಟೆ ಸಡಿಲವಾಗಿ ನಾಣ್ಯ ಜಾರಿದೆಯೇ ಎಂದು ನೋಡಿಕೊಂಡು ಬಂದ.

ಐದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಸಿದ್ದಮ್ಮ ತಾನೇ ಬಂದು, ವೀಳ್ಯದೆಲೆಯ ಮೇಲೆ ನಾಣ್ಯ ಇಟ್ಟು ನೀಡಿದಳು. “ಹೊಕ್ಕುಳು ಒಳಗೆ ಹೋಯ್ತು ಶೆಟ್ರೆ. ನಿಮ್ಮ ನಾಣ್ಯ ಕೆಲಸ ಮಾಡ್ತು. ನಮಗೆ ಇನ್ನೇನಕ್ಕೆ? ಇಟ್ಕೊಳ್ಳಿ.”

ಶೆಟ್ಟಿ “ಬೇಡ, ಬೇಡ,” ಎನ್ನುತ್ತಲೇ ಕೈ ಚಾಚಿದ. ಬಾಗಿಲು ಹಾಕಿಕೊಂಡ. ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿ ಇಟ್ಟು ನೋಡಿದ. ನಾಣ್ಯ ಹೊಸ ತಂಬಿಗೆಯಂತೆ ಥಳಥಳಿಸುತ್ತಿತ್ತು. ಆನೆ ಇತ್ತು. ಸೊಂಡಿಲು, ಬಾಲ ಇದ್ದವು. ಒಂದು, ಎರಡು, ಮೂರು, ನಾಲ್ಕು.

ಮತ್ತೆ ಎಣಿಸಿದ. ಕನ್ನಡಿ ಒರೆಸಿ ಎಣಿಸಿದ. ನಾಣ್ಯ ತಿರುಗಿಸಿ, ಆನೆಯನ್ನು ತಲೆಕೆಳಗು ಮಾಡಿ ಎಣಿಸಿದ. ನಾಲ್ಕೇ.

ಹೆಂಡತಿ ಹೆಗಲ ಮೇಲಿಂದ ಇಣುಕಿದಳು. “ಅಂದ್ರೆ ಅದು ಕೊಳೆಯಾಗಿತ್ತಾ? ಕೊಳೆಯ ಮೇಲೆ ಹನ್ನೆರಡು ಪುಟ ಬರೆದ್ರಾ?” ಎಂದು ನಗಲಾರಂಭಿಸಿದವಳು ಅನ್ನ ಸೀದುಹೋಗುವವರೆಗೂ ನಿಲ್ಲಿಸಲಿಲ್ಲ.

ಶೆಟ್ಟಿ ನಾಣ್ಯವನ್ನು ಅದರ ಮನೆಯಲ್ಲಿ ಮಲಗಿಸಿ ಬೀಗ ಹಾಕಿದ. ಮರುದಿನ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದ. ನೀರು ಹಾಕುವ ಹೊತ್ತಾಯಿತು. ಗಿರಾಕಿ ಕೇಳಿದ್ದು ಮೂರು ಗಜ. ಶೆಟ್ಟಿ ಎರಡೇ ಅಳೆದು, ಗಜಕಡ್ಡಿ ಅಲ್ಲೇ ಇಟ್ಟು ಎದ್ದುಬಿಟ್ಟ. ಹಳೆಯ ಅಂಗಿ ಹಾಕಿಕೊಂಡದ್ದು ಕುಂಬಾರನ ಹಿತ್ತಲು ತಲುಪಿದ ಮೇಲೇ ಅವನ ಗಮನಕ್ಕೆ ಬಂತು.

ಸಿದ್ದಮ್ಮ ತಲೆಯೆತ್ತಿ ನೋಡಿದಳು. “ನಾಣ್ಯ ಕೊಟ್ಟಾಯ್ತಲ್ಲ ಶೆಟ್ರೆ. ಇನ್ನೇನು?”

ಶೆಟ್ಟಿಯ ಕಿವಿ ಬಿಸಿಯಾಯಿತು. “ನಾನು ಅದಕ್ಕೇ ಬರುತ್ತಿದ್ದೆ ಎಂದು ನಿಮಗೆ ಗೊತ್ತಿತ್ತೇ?”

“ಕೂಸು ಅತ್ರೂ ನೀವು ನೋಡ್ತಿದ್ದದ್ದು ಹುಣಸೆಹಣ್ಣನ್ನ. ಗೊತ್ತಾಗಲ್ವಾ? ಯಾವುದಕ್ಕಾದ್ರೂ ಬರಲಿ, ಹಿಡ್ಕೊಳ್ಳೋಕೆ ಎರಡು ಕೈ ಸಿಕ್ತಲ್ಲ ಅಂತ ಸುಮ್ಮನಿದ್ದೆ.”

ಮಗು ಅವನನ್ನು ಕಂಡು ಕೈಕಾಲು ಬಡಿಯಿತು. ಅದಕ್ಕೆ ಕೆಳಗೆ ಎರಡು ಹಲ್ಲು ಬಂದಿದ್ದವು. ಯಾವಾಗ ಬಂದವೋ! ಶೆಟ್ಟಿ ಕೂತ. ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಿಕೊಂಡ. ಹೆಸರು ಹಿಡಿದು ಕೂಗಬೇಕೆಂದು ಬಾಯಿ ತೆರೆದ. ಏನೆಂದು ಕೂಗುವುದು? ನೋಡಿದರೆ ಗೊತ್ತೇ ಇಲ್ಲ.

“ಸಿದ್ದಮ್ಮ, ಇವನ ಹೆಸರೇನು?”

ಮುದುಕಿಯ ಕೈಯ ಚೆಂಬು ಹಾಗೇ ನಿಂತಿತು. “ಪದ್ಮನಾಭ. ನಿಮ್ಮ ಹೆಸರೇ ಶೆಟ್ರೆ. ನಿಮ್ಮೆದುರಿಗೇ ಮೂರು ಸಲ ಕೂಗಿದ್ವಿ. ನೀವು ಹೊಕ್ಕುಳು ನೋಡ್ತಾ ಇದ್ರಿ.”

ಶೆಟ್ಟಿ ಆ ದಿನ ಮತ್ತೆ ಅಂಗಡಿಗೆ ಹೋಗಲಿಲ್ಲ. ಅವನ ಮಟ್ಟಿಗೆ ಅದೊಂದು ದಾಖಲೆ.

ಮುಂದೆ ಎರಡು ತಿಂಗಳಿಗೆ ನೇಕಾರರ ಮನೆಯಲ್ಲೊಂದು ಕೂಸು ಹುಟ್ಟಿತು. ಅದಕ್ಕೂ ಹೊಕ್ಕುಳು ಉಬ್ಬಿತು. ಸಿದ್ದಮ್ಮ ಶೆಟ್ಟಿಯ ಜಗಲಿಗೆ ಬಂದಳು. ಪುಟ್ಟ ಪದ್ಮನಾಭ ದೊಡ್ಡ ಪದ್ಮನಾಭನ ತೊಡೆಯ ಮೇಲೆ ನಿದ್ದೆ ಹೋಗಿದ್ದ. “ಆ ಎಮ್ಮೆ ನಾಣ್ಯ ಬೇಕಾಗಿತ್ತಲ್ಲ ಶೆಟ್ರೆ,” ಎಂದಳು.

“ಮೆಲ್ಲಗೆ!” ಎಂದ ಶೆಟ್ಟಿ. ಒಂದು ಕೈಯಲ್ಲಿ ಉಡಿದಾರ ತಡಕಿ ಬೀಗದಕೈ ಬಿಚ್ಚಿಕೊಟ್ಟ. “ಪೆಟ್ಟಿಗೆ ಒಳಗಿದೆ. ತೆಗೆದುಕೊಳ್ಳಿ.”

“ಅಷ್ಟು ನಾಣ್ಯದಲ್ಲಿ ನಂಗೆ ಹೇಗೆ ಗೊತ್ತಾಗುತ್ತೆ?”

“ಯಾವುದಾದರೂ ಆಗುತ್ತದೆ. ಅಂಚು ಸವೆದದ್ದು ನೋಡಿಕೊಳ್ಳಿ. ಚುಚ್ಚಬಾರದು.”

ಅವನ ಎರಡು ಕಾಲೂ ಜೋಮು ಹಿಡಿದಿದ್ದವು. ಏಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಅರ್ಥವಾಯಿತು. ಅವತ್ತು ಅವನು ಕೊಟ್ಟಂತಾಯಿತು. ಆದರೂ ಗುರುಗಳೇ, ನಾಣ್ಯವಾದರೆ ಮಗುವಿಗೆ ಉಪಯೋಗವಾಯಿತು. ಕಾಶ್ಮೀರಿ ಶಾಲು ಮಸಿಬಟ್ಟೆಯಾದರೆ...” ಎಂದು ಅಡುಗೆಮನೆಯ ಕಡೆ ನೋಡಿದ.

ಗುರುಗಳು ಕೇಳಿದರು: “ದಿನಕ್ಕೆ ಮೂರು ಸಲ ಅಲ್ಲಿಗೆ ಹೋಗಿ ಬರುತ್ತೀಯಲ್ಲ, ಅಡುಗೆಯವನ ಹೆಸರೇನು?”